ಫಿಷರ್ ಪೆಕಾನ್ ಯಾರ ಮನೆಯದು?

ಶಾಂಬರ್ಗ್ ಕನ್ನಡತಿ:
ಗೋಡಂಬಿ ಮುಗಿದಿತ್ತು ಅಂತ ರವೆ ಉಂಡೆಗೆ ಫಿಷರ್ ಬ್ರ್ಯಾಂಡಿನ ಪೆಕಾನ್ (ಅಕ್ರೋಟಿನಂಥ ಬೀಜ) ಪ್ಯಾಕೆಟ್ ತಂದೆ. ತಯಾರಿಸಿದವರ ಹೆಸರು ‘ಜಾನ್ ಬಿ. ಸ್ಯಾನ್‌ಫಿಲಿಪ್ಪೊ ಅಂಡ್ ಸನ್’. ಹಾಗಾದರೆ ಫಿಷರ್ ಯಾರು? ಇದು ಒಂದೇ ಮನೆತನದ ಕಂಪನಿ ಅಂತಾರೆ, ಷೇರು ಪೇಟೆಯಲ್ಲೂ ಇದೆ ಅಂತಾರೆ. ಎರಡೂ ಹೇಗೆ?

ಎಲ್ಜಿನ್ ವಾಸಿ:
ಕಂಪನಿ ಶಿಕಾಗೋ ಹತ್ತಿರದ ನಮ್ಮ ಎಲ್ಜಿನ್‌ನಲ್ಲೇ ಇರುವುದು, ಹಾಗಾಗಿ ಸುಮ್ನೆ ಇರಲಾಗಲಿಲ್ಲ. ಫಿಷರ್ ಇವರು ಕಾಸು ಕೊಟ್ಟು ಕೊಂಡ ಹೆಸರು. 1995ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಿಂದ. ಹೌದು, ಸೋಪಿನ ಪುಡಿಯವರೇ!

ಮನೆತನದ ವ್ಯಾಪಾರ ಶುರುವಾಗಿದ್ದು 1922ರಲ್ಲಿ. ಸಿಸಿಲಿಯಿಂದ ಬಂದ ಗಾಸ್ಪರೆ ಸ್ಯಾನ್‌ಫಿಲಿಪ್ಪೊ, ಮಗ ಜಾನ್ ಜೊತೆ ಶಿಕಾಗೋದಲ್ಲಿ ಪೆಕಾನ್ ಒಡೆಯುವ ಸಣ್ಣ ಅಂಗಡಿ ಇಟ್ಟರು. ಕಡಲೆಕಾಯಿಯನ್ನು ಬೆರಳಲ್ಲೇ ಸುಲಿಯಬಹುದು. ಪೆಕಾನ್ ಹಾಗಲ್ಲ. ಮೆತ್ತಗೆ ಒತ್ತಿದರೆ ಚಿಪ್ಪು ಬಿಡುವುದಿಲ್ಲ, ಜೋರಾಗಿ ಒತ್ತಿದರೆ ಒಳಗಿನ ಬೀಜವೂ ನುಚ್ಚಾಗುತ್ತದೆ. ಮುರಿಯದ ಹೋಳಿಗೇ ರೇಟು ಜಾಸ್ತಿ. ಒಡೆಯುವುದೇ ಒಂದು ಕಸುಬು, ಅದರಲ್ಲೇ ಇವರು ಬೆಳೆದರು.

ಜಾನ್ ಮಗ ಜಾಸ್ಪರ್ ಕಾಲದಲ್ಲಿ ವ್ಯಾಪಾರ ಎಲ್ಲೆಲ್ಲಿಗೋ ಹೋಯಿತು. ಜಾರ್ಜಿಯಾದ ಬೇನ್‌ಬ್ರಿಡ್ಜ್‌ನಲ್ಲಿ ಕಡಲೆಕಾಯಿ, ಟೆಕ್ಸಾಸ್‌ನ ಸೆಲ್ಮಾದಲ್ಲಿ ಪೆಕಾನ್, ಕ್ಯಾಲಿಫೋರ್ನಿಯಾದ ಗಸ್ಟಿನ್‌ನಲ್ಲಿ ಅಕ್ರೋಟು. ಬೆಳೆಯ ಪಕ್ಕದಲ್ಲೇ ಕಾರ್ಖಾನೆ. ಈ ಜಾಸ್ಪರ್ ದುಡ್ಡನ್ನು ಎಲ್ಲಿ ಸುರಿದರು ಗೊತ್ತಾ? ಬ್ಯಾರಿಂಗ್ಟನ್ ಹಿಲ್ಸ್‌ನ ಮನೆಯಲ್ಲಿ ಹಳೇ ಸಂಗೀತ ಯಂತ್ರಗಳು, ಥಿಯೇಟರ್‌ಗಳಲ್ಲಿ ಇರುತ್ತಿದ್ದಂಥ ದೈತ್ಯ ಪೈಪ್ ಆರ್ಗನ್, ಜೊತೆಗೆ ಫ್ರಾನ್ಸಿನಿಂದ ತಂದ ಒಂದು ಇಡೀ ಕ್ಯಾರೊಸೆಲ್, ಅಂದರೆ ಜಾತ್ರೆಯಲ್ಲಿ ಕೂತು ಸುತ್ತುವ ಕುದುರೆ ತೊಟ್ಟಿಲು. ಇಂಥ ಹುಚ್ಚು ಇರುವವರು ನನಗೆ ಇಷ್ಟ.

ರಾಯಚೂರು ಹುಡುಗ:
ಅಕ್ಕಾ, ಪೆಕಾನ್ ತುಪ್ಪದಲ್ಲಿ ಬೇಗ ಕಪ್ಪಗಾಗುತ್ತೆ. ಉರಿ ಸಣ್ಣ ಇಡಿ.
ಎಲ್ಜಿನ್ ಸರ್, 1991ರಲ್ಲೇ ಅಮೆರಿಕದ ಷೇರು ಪೇಟೆ ನಾಸ್ಡಾಕ್‌ಗೆ ಹೋದ ಕಂಪನಿಯನ್ನು ಮನೆಯವರದ್ದು ಅನ್ನೋದು ಬರೀ ಪ್ರಚಾರ ಅಲ್ವಾ?

ಎಲ್ಜಿನ್ ವಾಸಿ:
ಅಲ್ಲಪ್ಪ. ಷೇರಿನಲ್ಲಿ ಎರಡು ಜಾತಿ ಇವೆ. ಪೇಟೆಯಲ್ಲಿ ನೀವು ಕೊಳ್ಳುವುದಕ್ಕೆ 1 ವೋಟು. ಮನೆಯವರ ಹತ್ತಿರ ಇರುವ ‘ಕ್ಲಾಸ್ ಎ’ ಷೇರಿಗೆ 10 ವೋಟು. ನಿಮ್ಮಂಥವರೆಲ್ಲ ಸೇರಿ ಕಂಪನಿಯ ನಿರ್ದೇಶಕರಲ್ಲಿ ಕಾಲು ಭಾಗವನ್ನು ಆರಿಸಬಹುದು, ಉಳಿದವರನ್ನು ಆರಿಸುವುದು ಕ್ಲಾಸ್ ಎ ಇರುವವರು. ಜಾಸ್ಪರ್ ಆದಮೇಲೆ ಸಿಇಒ ಕುರ್ಚಿಯಲ್ಲಿ ಕೂತಿದ್ದೂ ಅವರ ಮಗ ಜೆಫ್ರಿಯೇ.

ರಾಯಚೂರು ಹುಡುಗ:
ಅಂದ್ರೆ ದುಡ್ಡು ನಮ್ಮದು, ಮಾತು ಅವರದು.

ಎಲ್ಜಿನ್ ವಾಸಿ:
ಡಿವಿಡೆಂಡ್ ಅಂತ ಲಾಭದಲ್ಲಿ ಪಾಲು ಕೊಡ್ತಾರಲ್ಲ ಮಾರಾಯ!