ಪದಚರ್ಚೆ: ದೊಡ್ಡ ಗಾಡಿಯ ‘ಆರಾಮ’, ಕೊಟ್ಟ ದುಡ್ಡಿಗೆ ‘ಬಾಳುವುದು’

ಎಲ್ಲರಿಗೂ ನಮಸ್ಕಾರ.

ಮನೆಗೊಂದು ದೊಡ್ಡ ಗಾಡಿ ಕೊಳ್ಳುವ ಮಾತು ನಡೆದಿದೆ. ಆ ಮಾತಿನ ನಡುವೆ ಎರಡು ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ. ಬಿಡಿಸಿಕೊಳ್ಳೋಕೆ ನಿಮ್ಮ ನೆರವು ಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಯಾವ ಮಾತು ಯಾರ ಬಾಯಲ್ಲಿ, ಯಾವ ಹೊತ್ತಲ್ಲಿ ಬಂತು ಅಂತ ಹೇಳದೆ ಪದದ ಅರ್ಥ ಕೇಳಿದರೆ ನಿಮಗೂ ಕಷ್ಟ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತಲ್ಲ, ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ಸೂ ಸೇರಿ ಶೇ 50ರಷ್ಟಿದ್ದ ತೆರಿಗೆ ಶೇ 40ಕ್ಕೆ ಇಳಿಯಿತು. ನಮ್ಮ ಮನೆಯಲ್ಲಿ ಲೆಕ್ಕ ಶುರುವಾಗಿದ್ದು ಆವಾಗ. ಅಪ್ಪಯ್ಯ, ಅಮ್ಮ ತೀರ್ಥಹಳ್ಳಿ ಹತ್ತಿರದ ಊರಲ್ಲಿದ್ದಾರೆ. ಅಮ್ಮನಿಗೆ ಎರಡೂ ಮಂಡಿ ನೋವು. ಎರಡು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬರಬೇಕು. ಹಬ್ಬಕ್ಕೆ ಎಲ್ಲರೂ ಸೇರಿದರೆ ಏಳು ಜನ. ದುಡ್ಡು ಮೂರು ಕಡೆಯಿಂದ ಸೇರಬೇಕು: ಅಪ್ಪಯ್ಯ, ನಾನು, ಧಾರವಾಡದಲ್ಲಿರುವ ತಂಗಿ. ಅದಕ್ಕೇ ಎಲ್ಲರಿಗೂ ತಿಳಿಯುವ ಹಾಗೆ ಎರಡು ಗಾಡಿಗಳನ್ನು ಅಕ್ಕಪಕ್ಕ ಇಟ್ಟು ಒಂದು ಹಾಳೆ ಬರೆದೆ. ಕನ್ನಡದಲ್ಲೇ ಬರೆದೆ. ಒಂದು ಸಾಲಿಗೆ ‘ಆರಾಮ’ ಅಂತ ತಲೆಬರಹ ಕೊಟ್ಟೆ, ಇನ್ನೊಂದಕ್ಕೆ ‘ಮೌಲ್ಯ’ ಅಂತ. ಎರಡೂ ನಿಲ್ಲಲಿಲ್ಲ.

ಮೊದಲು ಫೋನ್ ಮಾಡಿದ್ದು ತಂಗಿಯ ಗಂಡ. “ಅಕ್ಕಾರ, ಒಂದ್ ಗಾಡಿ ಆರಾಮ ಐತಿ, ಇನ್ನೊಂದು ಅಷ್ಟ್ ಆರಾಮ ಇಲ್ಲ ಅಂತ ಬರದೀರಿ. ಏನಾಗೇತ್ರಿ ಅದಕ್ಕ?” ಅಂದರು. ಅವರ ಕಡೆ ‘ಆರಾಮ’ ಅಂದ ತಕ್ಷಣ ಮನಸ್ಸಿಗೆ ಬರೋದು ಆರೋಗ್ಯ. ‘ಆರಾಮ ಇಲ್ಲ’ ಅಂದರೆ ಹುಷಾರಿಲ್ಲ. ನಮ್ಮ ಮಲೆನಾಡಿನಲ್ಲಿ ‘ಆರಾಮಾಗಿ ಹೋಗಿ ಬಾ’ ಅಂದರೆ ಅವಸರ ಮಾಡಬೇಡ ಅಂತ. ಬೆಂಗಳೂರಲ್ಲಿ ನನ್ನ ಜೊತೆ ಕೆಲಸ ಮಾಡುವವರು ‘ಈ ಗಾಡಿ ಆರಾಮಾಗಿ ನೂರು ದಾಟುತ್ತೆ’ ಅನ್ನುತ್ತಾರೆ. ಅಲ್ಲಿ ಅದರ ಅರ್ಥ ಇಂಜಿನ್ನಿಗೆ ಏದುಸಿರು ಬರಲ್ಲ ಅಂತ. ಪಾರಸಿಯಿಂದ ಬಂದ ಒಂದೇ ಪದ. ಒಂದೊಂದು ಊರಲ್ಲಿ ಒಂದೊಂದು ಕೆಲಸಕ್ಕೆ ನಿಂತಿದೆ. ಗಾಡಿ ಮಾರುವವರ ಪುಸ್ತಿಕೆಯಲ್ಲಿರುವ ‘ಆರಾಮದಾಯಕ’ ಇದ್ಯಾವುದಕ್ಕೂ ಸೇರಲ್ಲ. ಅದನ್ನು ಮನೆಯಲ್ಲಿ ಯಾರೂ ಆಡಿದ್ದು ನಾನು ಕೇಳಿಲ್ಲ.

ಹಾಗಾದರೆ ಆಡುವುದು ಏನನ್ನು? ಇದು ಗೊತ್ತಾಗಿದ್ದು ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎರಡೂ ಗಾಡಿ ಹತ್ತಿಸಿದ ದಿನ.

ಮೊದಲನೆಯದು ಚಾಸಿ ಬೇರೆ, ಬಾಡಿ ಬೇರೆ ಇರುವ ಗಾಡಿ. ಏಣಿಯ ಹಾಗಿರುವ ಕಬ್ಬಿಣದ ಚೌಕಟ್ಟಿನ ಮೇಲೆ ಮೈ ಕೂರಿಸಿರುತ್ತಾರೆ. ಸ್ಕಾರ್ಪಿಯೋ-ಎನ್, ಇನ್ನೋವಾ ಕ್ರಿಸ್ಟಾ ಈ ಜಾತಿಯವು. ಅಮ್ಮ ಬಾಗಿಲ ಪಕ್ಕದ ಹಿಡಿ ಹಿಡಿದು ಬಲಗಾಲನ್ನು ಮೆಟ್ಟಿಲ ಮೇಲಿಟ್ಟರು. ಎಡಗಾಲು ನೆಲ ಬಿಟ್ಟು ಏಳಲೇ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಕೈಯನ್ನು ನನ್ನ ಭುಜದ ಮೇಲೆ ಊರಿ ಮತ್ತೆ ಹತ್ತಿದರು. ಕೂತು ಉಸಿರು ಬಿಟ್ಟು, “ಕೂರೋಕೆ ಹಾಯಾಗಿದೆ ಕಣೆ, ಹತ್ತೋದೇ ಕಷ್ಟ” ಅಂದರು. ಎರಡನೆಯದು ಇಡೀ ಮೈಯೇ ಚಾಸಿಯೂ ಆಗಿರುವ ಗಾಡಿ. ಎಕ್ಸ್‌ಯುವಿ700, ಇನ್ನೋವಾ ಹೈಕ್ರಾಸ್ ಈ ಜಾತಿಯವು. ಇಂಥದ್ದಕ್ಕೆ ಮಾನೊಕಾಕ್ ಅಂತಾರಲ್ಲ, ಅದರಲ್ಲಿರುವ ಫ್ರೆಂಚ್ ಪದದ ಅರ್ಥ ಚಿಪ್ಪು. ಒಂಟಿ ಚಿಪ್ಪಿನ ಗಾಡಿ ಅನ್ನಬಹುದು. ಇದಕ್ಕೆ ಅಮ್ಮ ಮೆಟ್ಟಿಲು ಹುಡುಕಲೇ ಇಲ್ಲ. ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತರು, ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಂಡರು. “ಇದು ಸಲೀಸು. ಜಗಲಿ ಮೇಲೆ ಕೂತ ಹಾಗಾಯ್ತು” ಅಂದರು.

ಎಷ್ಟು ಪುಸ್ತಿಕೆ ಓದಿದರೂ ನನಗೆ ಸಿಗದ ಅಳತೆ ಅದು. ಸೀಟು ಜಗಲಿ ಎತ್ತರಕ್ಕಿದ್ದರೆ ವಯಸ್ಸಾದವರು ಹತ್ತೋದೂ ಬೇಡ, ಇಳಿಯೋದೂ ಬೇಡ, ಕೂರೋದಷ್ಟೇ.

ಹಿಂದಿನ ಸಾಲಲ್ಲಿ ಕೂತಿದ್ದ ನನ್ನ ಮಗನದು ಬೇರೆಯೇ ಮಾತು. ಚಾಸಿ ಗಾಡಿಯ ಕೊನೇ ಸಾಲಲ್ಲಿ ನೆಲ ಎತ್ತರ, ಸೀಟು ತಗ್ಗು. ಮಂಡಿ ಎದೆ ಹತ್ತಿರ ಬರುತ್ತೆ, ತೊಡೆ ಕೆಳಗೆ ಆಸರೆಯೇ ಇರಲ್ಲ. “ಕುಕ್ಕರುಗಾಲಲ್ಲಿ ಕೂತ ಹಾಗಿದೆ” ಅಂದ. ಹನ್ನೆರಡು ವರ್ಷದ ಹುಡುಗನಿಗೆ ಆ ಪದ ಅಜ್ಜನಿಂದ ಬಂದಿರಬೇಕು, ಕೇಳಿ ನನಗೆ ತುಂಬಾ ಖುಷಿಯಾಯಿತು.

ಗಾಡಿ ಓಡುವಾಗಿನ ಮಾತುಗಳನ್ನೂ ಬರೆದುಕೊಂಡೆ. ಗುಂಡಿ, ಹಂಪ್ಸು ಬಂದಾಗ ಗಾಡಿ ‘ಕುಲುಕುತ್ತೆ’. ಸಸ್ಪೆನ್ಷನ್ ಬಿರುಸಾಗಿದ್ದರೆ ‘ಎತ್ತಿ ಕುಕ್ಕುತ್ತೆ’. ತಿರುವಿನಲ್ಲಿ ಒಂದು ಪಕ್ಕಕ್ಕೆ ‘ವಾಲುತ್ತೆ’. ಮೆತ್ತಗಿನ ಸ್ಪ್ರಿಂಗಿನ ಎತ್ತರದ ಗಾಡಿ ‘ಓಲಾಡುತ್ತೆ’. ನಾಲ್ಕೂ ಬೇರೆ ಬೇರೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಹೋಗುವವರಿಗೆ ಕುಲುಕಾಟ ದೊಡ್ಡದು ಅನ್ನಿಸಬಹುದು. ಆಗುಂಬೆಯ 14 ಹೇರ್‌ಪಿನ್ ತಿರುವು ಇಳಿಯುವವರಿಗೆ ಓಲಾಟವೇ ದೊಡ್ಡದು, ಹೊಟ್ಟೆ ತೊಳೆಸೋದು ಅದರಿಂದ. ಈ ನಾಲ್ಕೂ ಇಲ್ಲದ ಸವಾರಿಗೆ ನಮ್ಮ ಡ್ರೈವರ್ ಒಬ್ಬರು ‘ಹದವಾಗಿದೆ’ ಅಂದರು. ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ. ಪಾಕಕ್ಕೆ, ಮಣ್ಣಿಗೆ, ಮಾತಿಗೆ ಹೇಳುವ ಪದ ಗಾಡಿಗೂ ಎಷ್ಟು ಚೆನ್ನಾಗಿ ಕೂತಿತು ಅಲ್ವಾ? ಸೀಟಿಗೂ ಅದೇ ಸರಿ. ಷೋರೂಮಿನಲ್ಲಿ ಹತ್ತು ನಿಮಿಷ ಮೆತ್ತಗೆ ಹಿತವಾಗಿದ್ದ ಸೀಟು ಮೂರು ಗಂಟೆ ಆದ ಮೇಲೆ ಸೊಂಟ ಹಿಡಿಸುತ್ತೆ.

ಇನ್ನು ಸನ್‌ರೂಫ್, ತಂಪು ಗಾಳಿ ಬಿಡುವ ಸೀಟು, ಕಾಲಾಡಿಸಿದರೆ ತೆರೆಯುವ ಡಿಕ್ಕಿ. ಇವನ್ನು ‘ಸೌಲಭ್ಯ’ ಅಂತಲೇ ಬೇರೆ ಸಾಲಿಗೆ ಹಾಕಿದೆ. ಇವನ್ನು ಎಣಿಸಬಹುದು, ಹಾಯಾಗಿರೋದನ್ನು ಎಣಿಸೋಕಾಗಲ್ಲ.

‘ಹಿಡಿಸು’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ‘ಈ ಗಾಡಿಯಲ್ಲಿ ಏಳು ಜನ ಹಿಡಿಸ್ತಾರೆ’ ಅಂದರೆ ಜಾಗ ಇದೆ ಅಂತ. ‘ಈ ಗಾಡಿ ನನಗೆ ಹಿಡಿಸ್ತು’ ಅಂದರೆ ಇಷ್ಟ ಆಯ್ತು ಅಂತ. ಮೈಗೆ ಜಾಗ ಸಿಗೋದು, ಮನಸ್ಸಿಗೆ ಒಪ್ಪೋದು ಎರಡಕ್ಕೂ ಒಂದೇ ಪದ. ಕುಟುಂಬದ ಗಾಡಿ ನೋಡುವಾಗ ಇದಕ್ಕಿಂತ ಸರಿಯಾದ ಪದ ಬೇಕಾ?

ಈಗ ನನ್ನ ಮೊದಲ ಪ್ರಶ್ನೆ. ‘ಸುಖ’ವನ್ನು ನಾವು ಗಾಡಿಗೆ ಬಳಸೋದು ‘ಸುಖಕರ ಪ್ರಯಾಣ’ ಅಂತ ಹಾರೈಸುವಾಗ ಮಾತ್ರ. ಆದರೆ ಋಗ್ವೇದದಲ್ಲಿ ಈ ಪದ ಬಂದಿರೋದೇ ರಥಕ್ಕೆ ವಿಶೇಷಣವಾಗಿ, ಸಲೀಸಾಗಿ ಓಡುವ ರಥ ಅನ್ನುವ ಅರ್ಥದಲ್ಲಿ. ‘ಸು’ ಅಂದರೆ ಒಳ್ಳೆಯ, ‘ಖ’ ಅಂದರೆ ತೂತು, ಚಕ್ರದ ನಡುವಿನ ಗುಂಬದಲ್ಲಿ ಅಚ್ಚು ಕೂರುವ ತೂತು ಅಂತ ಬಿಡಿಸಿ ಹೇಳೋದುಂಟು. ಅಚ್ಚಿನ ತೂತು ಸರಿ ಇದ್ದರೆ ಗಾಡಿ ಕುಲುಕಲ್ಲ, ಅದೇ ಸುಖ! ಇತ್ತ ಕನ್ನಡದಲ್ಲಿ ಅಚ್ಚಿಗೆ ‘ಇರುಸು’ ಅಂತಲೂ ಹೆಸರಿದೆ. ಮನಸ್ಸಿಗೆ ಹಿತ ಇಲ್ಲದಿದ್ದರೆ ನಾವು ‘ಇರುಸುಮುರುಸು’ ಅನ್ನುತ್ತೇವೆ. ಈ ಎರಡು ‘ಇರುಸು’ಗಳಿಗೆ ನಂಟಿದೆಯಾ? ಅಚ್ಚು ಮುರಿದ ಎತ್ತಿನ ಗಾಡಿಯಿಂದ ಬಂದ ಮಾತಾ ಅದು, ಅಥವಾ ಸುಮ್ನೆ ಸದ್ದು ಹೊಂದಿಕೊಂಡಿದ್ದಾ? ಹಳೆಯ ಬಳಕೆ ನೋಡಿದವರು ದಯವಿಟ್ಟು ಹೇಳಿ.

ಎಸ್‌ಯುವಿ ಅನ್ನುವ ಹೆಸರಿನ ಕಥೆಯೂ ಪದದವರಿಗೆ ಇಷ್ಟ ಆಗುವಂಥದ್ದು. ಜಿಎಸ್‌ಟಿ ಕೌನ್ಸಿಲ್ 2022ರ ಡಿಸೆಂಬರಿನಲ್ಲಿ ಕೊಟ್ಟ ವಿವರಣೆಯಲ್ಲಿ ಹೆಚ್ಚಿನ ಸೆಸ್ ಬೀಳೋಕೆ ನಾಲ್ಕು ಗುರುತು ಇದ್ದವು. ಇಂಜಿನ್ 1500 ಸಿಸಿಗಿಂತ ಜಾಸ್ತಿ, ಉದ್ದ 4 ಮೀಟರಿಗಿಂತ ಜಾಸ್ತಿ, ನೆಲದಿಂದ ಎತ್ತರ 170 ಮಿಲಿಮೀಟರ್ ಇಲ್ಲವೇ ಅದಕ್ಕಿಂತ ಜಾಸ್ತಿ. ನಾಲ್ಕನೆಯದು, ಜನರು ಅದನ್ನು ಎಸ್‌ಯುವಿ ಅಂತ ಕರೆಯುತ್ತಿರಬೇಕು! ತೆರಿಗೆ ಎಷ್ಟು ಅನ್ನೋದು ಜನರ ಬಾಯಿಯ ಮೇಲೆ ನಿಂತಿತ್ತು. 2023ರ ಜುಲೈನಲ್ಲಿ ಅದನ್ನು ತಿದ್ದಿ, ಯಾವ ಹೆಸರಿನಿಂದ ಕರೆದರೂ ಸರಿ, ಅಳತೆಗೆ ಬಂದರೆ ಸಾಕು ಅಂತ ಮಾಡಿದರು. ನಮ್ಮ ಊರಲ್ಲಿ ಮೊದಲು ಇಂಥವೆಲ್ಲ ‘ಜೀಪು’. ಈಗ ‘ದೊಡ್ಡ ಗಾಡಿ’. ನನ್ನ ಹಾಳೆಯ ತಲೆಬರಹವೂ ಅದೇ.

ಇನ್ನು ‘ಮೌಲ್ಯ’. ಅಪ್ಪಯ್ಯ ಕನ್ನಡಕ ಏರಿಸಿಕೊಂಡು ಹಾಳೆ ಓದಿದರು. “ಮೌಲ್ಯ ಅಂದ್ರೆ ಶಾಲೆಯಲ್ಲಿ ಹೇಳಿಕೊಡ್ತಾರಲ್ಲ, ಅದಾ?” ಅಂತ ಕೇಳಿದರು. ಅವರು ಕೇಳಿದ್ದು ಸರಿ. ಈಗ ‘ಮೌಲ್ಯ’ ಹೆಚ್ಚಾಗಿ ನೀತಿಯ ಕಡೆ ಹೋಗಿದೆ, ಇಲ್ಲದಿದ್ದರೆ ಪರೀಕ್ಷೆಯ ಮೌಲ್ಯಮಾಪನಕ್ಕೆ. ಜಾಹೀರಾತಿನ ‘ಹಣಕ್ಕೆ ತಕ್ಕ ಮೌಲ್ಯ’ ಕನ್ನಡದಲ್ಲಿ ಹುಟ್ಟಿದ ಮಾತಲ್ಲ ಅಂತ ಓದಿದ ಕೂಡಲೇ ಗೊತ್ತಾಗುತ್ತೆ. ಅಪ್ಪಯ್ಯ ಮುಂದೆ ಕೇಳಿದ್ದು ಇದು: “ಅದೆಲ್ಲ ಇರಲಿ. ಇಪ್ಪತ್ತೆರಡು ಲಕ್ಷಕ್ಕೆ ಬಾಳುತ್ತಾ ಅದು? ಎಷ್ಟು ವರ್ಷ ಬಾಳುತ್ತೆ?”

ಒಂದೇ ಉಸಿರಲ್ಲಿ ಎರಡು ಸಲ ‘ಬಾಳು’, ಎರಡು ಅರ್ಥ. ಹಳಗನ್ನಡದ ‘ಬಾೞ್’, ತಮಿಳಿನ ‘ವಾೞ್’ ಒಂದೇ ಬೇರಿನವು, ಬದುಕುವುದು ಅಂತ ಮೂಲ ಅರ್ಥ. ನಮ್ಮಲ್ಲಿ ಅದು ಬಾಳಿಕೆ ಬರುವುದೂ ಆಯಿತು, ಬೆಲೆ ಇರುವುದೂ ಆಯಿತು. ‘ಬೆಲೆಬಾಳುವ ಒಡವೆ’ ಅನ್ನುತ್ತೇವೆ, ‘ಮೂರು ಕಾಸಿಗೆ ಬಾಳದವನು’ ಅಂತ ಬಯ್ಯುತ್ತೇವೆ. ವಿಭಕ್ತಿ ಬದಲಾದರೆ ಅರ್ಥವೂ ಬದಲಾಗೋದನ್ನು ಗಮನಿಸಿ. ‘ಆ ಗಾಡಿ 20 ಲಕ್ಷ ಬಾಳುತ್ತೆ’ ಅಂದರೆ ಪೇಟೆಯಲ್ಲಿ ಅದಕ್ಕೆ ಅಷ್ಟು ಬೆಲೆ ಇದೆ ಅಂತ. ‘20 ಲಕ್ಷಕ್ಕೆ ಬಾಳುತ್ತೆ’ ಅಂದರೆ ಅಷ್ಟು ಕೊಟ್ಟರೂ ಮೋಸ ಇಲ್ಲ ಅಂತ. ನಾನು ಹುಡುಕುತ್ತಿದ್ದ ಅರ್ಥ ಆ ‘ಕ್ಕೆ’ಯಲ್ಲಿ ಕೂತಿತ್ತು.

ಅಪ್ಪಯ್ಯನ ಲೆಕ್ಕ ಎರಡೂ ‘ಬಾಳು’ಗಳನ್ನು ಸೇರಿಸಿತು. ಷೋರೂಮ್ ಬೆಲೆ ಅವರಿಗೆ ಬೇಡ. “ಮನೆ ಮುಂದೆ ನಿಲ್ಲೋ ಹೊತ್ತಿಗೆ ಎಷ್ಟಾಗುತ್ತೆ ಹೇಳು” ಅಂದರು. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಗಾಡಿಗೆ ಲೈಫ್ ಟ್ಯಾಕ್ಸೇ ಶೇ 17, ಅದರ ಮೇಲಿನದಕ್ಕೆ ಶೇ 18. ಹಾಗಾಗಿ ಅವರ ಪ್ರಶ್ನೆ ಸಣ್ಣದಲ್ಲ. ಎಲ್ಲ ಸೇರಿ ಜಗಲಿ ಎತ್ತರದ ಗಾಡಿ 22 ಲಕ್ಷ, ಚಾಸಿ ಗಾಡಿ 18 ಲಕ್ಷ. ಹತ್ತು ವರ್ಷ ಆದ ಮೇಲೆ ಮಾರಿದರೆ ಜಗಲಿ ಎತ್ತರದ್ದಕ್ಕೆ 6 ಲಕ್ಷ, ಚಾಸಿ ಗಾಡಿಗೆ 3 ಲಕ್ಷ ಬರಬಹುದು ಅಂತ ಅವರ ಅಂದಾಜು. ಹಾಗಾದರೆ ಒಂದು ವರ್ಷಕ್ಕೆ 1,60,000 ತಿನ್ನುತ್ತೆ, ಇನ್ನೊಂದು 1,50,000. ನಾಲ್ಕು ಲಕ್ಷದ ಅಂತರ ವರ್ಷಕ್ಕೆ ಹತ್ತು ಸಾವಿರಕ್ಕೆ ಇಳಿಯಿತು. “ಅಷ್ಟಕ್ಕೆ ನಿಮ್ಮಮ್ಮ ಸಲೀಸಾಗಿ ಕೂತು ಎದ್ದು ಮಾಡ್ತಾಳೆ ಅಂದ್ರೆ ಬಾಳುತ್ತೆ” ಅಂದರು.

ಆದರೆ ‘ಬಾಳುತ್ತೆ’ ಅಂದ ಮಾತ್ರಕ್ಕೆ ಕೊಳ್ಳುತ್ತೇವೆ ಅಂತಲ್ಲ. ಅದಕ್ಕೆ ‘ಗಿಟ್ಟು’ ಅನ್ನುವ ಪದ ಇದೆ. ಬಾಳುವುದು ವಸ್ತುವಿನ ಗುಣ, ಗಿಟ್ಟುವುದು ಕೊಳ್ಳುವವರ ಕೈ. ‘ಅಷ್ಟು ಬಾಳುತ್ತೆ ನಿಜ, ನಮಗೆ ಗಿಟ್ಟಲ್ಲ’ ಅನ್ನೋದು ಪೂರ್ತಿ ಸರಿಯಾದ ವಾಕ್ಯ. ತಂಗಿಯ ಗಂಡ ಇದಕ್ಕೆ ‘ಪರವಡಂಗಿಲ್ಲ’ ಅನ್ನುತ್ತಾರೆ, ಮರಾಠಿಯ ನಂಟು ಕಾಣುತ್ತೆ. ಮಂಗಳೂರಿನ ಗೆಳತಿ ‘ಪೂರೈಸುದಿಲ್ಲ’ ಅಂದದ್ದು ಕೇಳಿದ್ದೇನೆ. ‘ಕಾಸಿಗೆ ತಕ್ಕ ಕಜ್ಜಾಯ’ವನ್ನೂ ಹಾಳೆಗೆ ಹಾಕೋಣ ಅಂದುಕೊಂಡೆ, ಆಮೇಲೆ ಬಿಟ್ಟೆ. ಕಡಿಮೆ ಕೊಟ್ಟರೆ ಕಡಿಮೆಯೇ ಸಿಗೋದು ಅಂತ ಎಚ್ಚರಿಸುವ ದನಿ ಅದರಲ್ಲಿದೆ. ನನಗೆ ಬೇಕಾದ್ದು ಅದಲ್ಲ.

ನನ್ನ ಎರಡನೆಯ ಪ್ರಶ್ನೆ, ಮುಖ್ಯವಾದದ್ದು, ಇದು. ಬೆಲೆಯ ಅರ್ಥದ ‘ಬಾಳು’ಗೆ ಹೆಸರುಪದ ಯಾವುದು? ‘ಬಾಳಿಕೆ’ಯನ್ನು ಎಷ್ಟು ಕಾಲ ಬರುತ್ತೆ ಅನ್ನೋದಕ್ಕೆ ಕೊಟ್ಟಾಗಿದೆ. ‘ಬಾಳುವೆ’, ‘ಬಾಳ್ಮೆ’ ಬದುಕಿನ ಕಡೆ ಹೋಗಿವೆ. ‘ಬೆಲೆಬಾಳುವ’ ಇದೆ, ‘ಬೆಲೆಬಾಳಿಕೆ’ ಅಂತ ಯಾರಾದರೂ ಅನ್ನುತ್ತಾರಾ? ನಿಮ್ಮ ಕಡೆ ದನದ ಜಾತ್ರೆಯಲ್ಲೋ, ಅಡಿಕೆ ಮಂಡಿಯಲ್ಲೋ, ಬಟ್ಟೆ ಅಂಗಡಿಯಲ್ಲೋ ಅಂಥ ಒಂದು ಪದ ಓಡಾಡುತ್ತಿದ್ದರೆ ವಾಕ್ಯದ ಸಮೇತ ಬರೆಯಿರಿ. ಯಾವ ಊರು, ಯಾರು ಆಡುವ ಮಾತು ಅನ್ನೋದನ್ನೂ ಸೇರಿಸಿದರೆ ತುಂಬಾ ಉಪಕಾರ.

ಸದ್ಯಕ್ಕೆ ಹೆಸರುಪದದ ಆಸೆ ಬಿಟ್ಟು ಹಾಳೆ ತಿದ್ದಿದ್ದೇನೆ. ‘ಮೌಲ್ಯ’ ಇದ್ದ ಕಡೆ ‘ಕೊಟ್ಟ ದುಡ್ಡಿಗೆ ಬಾಳುತ್ತಾ?’ ಅಂತ ಬರೆದೆ. ‘ಆರಾಮ’ ಇದ್ದ ಒಂದು ಸಾಲು ಈಗ ಮೂರಾಗಿದೆ: ಹತ್ತೋಕೆ ಇಳಿಯೋಕೆ ಸಲೀಸಾ, ಕೂರೋಕೆ ಹಾಯಾಗಿದೆಯಾ, ಓಡುವಾಗ ಹದವಾಗಿದೆಯಾ. ಅಪ್ಪಯ್ಯ ಓದಿ, ಮೊದಲ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಜಗಲಿ’ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ.