ಪುಟ್ಟನ ಫ್ಲಾಟ್ ವಿಚಾರಕ್ಕೆ ಅಕ್ಕನ ಉತ್ತರ

ಪುಟ್ಟಾ, ನಿನ್ನ ಮೆಸೇಜ್ ರಾತ್ರಿಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಈಗ ಕೂತು ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು. ಇರುವ ಉಳಿತಾಯವನ್ನೆಲ್ಲ ಡೌನ್ ಪೇಮೆಂಟಿಗೆ ಹಾಕಿ, ಮಿಕ್ಕಿದ್ದಕ್ಕೆ ಸಾಲ ಮಾಡಿ, ಬಾಡಿಗೆಗೆ ಕೊಡಲು ಫ್ಲಾಟ್ ತಗೊಳ್ಳಲಾ ಅಂತ ಕೇಳಿದ್ದೀಯ. ಚಿಕ್ಕಪ್ಪ ಅದರ ಕೆಳಗೆ, ಧೈರ್ಯವಾಗಿ ತಗೋ, ಮನೆ ಬೆಲೆ ಯಾವತ್ತೂ ಇಳಿಯುವುದಿಲ್ಲ ಅಂತ ಬರೆದಿದ್ದಾರೆ.

ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಈ ಒಂದು ಮಾತು ನನಗೆ ಒಪ್ಪಲು ಆಗುತ್ತಿಲ್ಲ. ಬೆಲೆ ಇಳಿದಿದೆ. ಅಮೆರಿಕದಲ್ಲಿ 2006ರಿಂದ 2012ರ ಹೊತ್ತಿಗೆ ಇಡೀ ದೇಶದ ಸರಾಸರಿಯೇ ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಹಳೆಯ ಮಟ್ಟ ಮುಟ್ಟುವುದಕ್ಕೆ 2016 ಬರಬೇಕಾಯಿತು. ಜಪಾನಿನಲ್ಲಿ 1991ರ ಸುಮಾರಿಗೆ ಶುರುವಾದ ಇಳಿತ ಹತ್ತು ವರ್ಷ ಕಳೆದರೂ ನಿಲ್ಲಲಿಲ್ಲ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಫ್ಲಾಟಿನ ಬೆಲೆ 100 ಅಂತ ಇಟ್ಟುಕೋ. ನಿನ್ನದು 20, ಸಾಲ 80. ಬೆಲೆ 110 ಆದರೆ ನಿನ್ನ 20 ಹೋಗಿ 30 ಆಯಿತು, ಬಡ್ಡಿ ಖರ್ಚು ಬಿಟ್ಟು ನೋಡಿದರೆ ಅರ್ಧದಷ್ಟು ಲಾಭ. ಎಲ್ಲರೂ ಹೇಳುವುದು ಇಷ್ಟೇ. ಅದೇ ಬೆಲೆ 90ಕ್ಕೆ ಇಳಿದರೆ? ಸಾಲ 80 ಹಾಗೇ ಇರುತ್ತದೆ, ನಿನ್ನ 20ರಲ್ಲಿ ಉಳಿಯುವುದು 10. ಬೆಲೆ ಇಳಿದಿದ್ದು ಹತ್ತರಲ್ಲಿ ಒಂದು ಪಾಲು, ನಿನ್ನ ದುಡ್ಡು ಕರಗಿದ್ದು ಅರ್ಧ.

ಬಾಡಿಗೆ ಬರುತ್ತದಲ್ಲ ಅಂತೀಯ. ವರ್ಷಕ್ಕೆ 4 ಬರುತ್ತದೆ ಅಂತಲೇ ಇಟ್ಟುಕೊಳ್ಳೋಣ. ಎರಡು ತಿಂಗಳು ಖಾಲಿ ಬಿದ್ದರೆ ಅದು 3.3. ರಿಪೇರಿ, ತೆರಿಗೆ, ಮೇಂಟೆನೆನ್ಸ್ ಕಳೆದರೆ 2.5 ಉಳಿದರೆ ಹೆಚ್ಚು. ಸಾಲದ ಬಡ್ಡಿ ಶೇಕಡಾ 8 ಆದರೆ ಅದೇ 6.4. ಅಂದರೆ ವರ್ಷಕ್ಕೆ ಸುಮಾರು 4 ನಿನ್ನ ಸಂಬಳದಿಂದಲೇ ಹೋಗಬೇಕು, ಅಸಲು ಬೇರೆ. ಬಡ್ಡಿ ದರ ಶೇಕಡಾ 8ರಿಂದ 10ಕ್ಕೆ ಏರಿದರೆ ಇನ್ನೊಂದು 1.6 ಸೇರಿತು.

ನಮ್ಮ ಮನೆ ಒಂದು ಸಲ ಐದು ತಿಂಗಳು ಖಾಲಿ ಬಿದ್ದಿತ್ತು, ನೆನಪಿದೆಯಾ? ಆಗ ಕಂತು ಕಟ್ಟಲು ಕೈಯಲ್ಲಿ ಬೇರೆ ದುಡ್ಡು ಇತ್ತು, ಅದಕ್ಕೇ ಮನೆ ಉಳಿಯಿತು. ಇಲ್ಲದಿದ್ದರೆ ಸಿಕ್ಕ ಬೆಲೆಗೆ ಮಾರಬೇಕಾಗುತ್ತಿತ್ತು. ಚಿನ್ನದ ಹಾಗೆ ಫ್ಲಾಟನ್ನು ಸ್ವಲ್ಪ ಸ್ವಲ್ಪ ಮಾರಲು ಆಗುವುದಿಲ್ಲ ಪುಟ್ಟಾ. ಅಡುಗೆಮನೆ ಒಂದನ್ನೇ ಯಾರು ತಗೊಳ್ಳುತ್ತಾರೆ? ಅವಸರ ಇದೆ ಅಂತ ಗೊತ್ತಾದರೆ ಕೊಳ್ಳುವವರು ಬೆಲೆ ಇನ್ನೂ ಇಳಿಸುತ್ತಾರೆ.

ಬೇಡ ಅಂತ ನಾನು ಹೇಳುತ್ತಿಲ್ಲ. ಬಾಡಿಗೆ ವರ್ಷ ವರ್ಷ ಏರುತ್ತಾ ಹೋಗಿ, ಕಂತು ಅಷ್ಟೇ ಉಳಿದರೆ, ಹದಿನೈದು ವರ್ಷದಲ್ಲಿ ಅದು ನಿಜಕ್ಕೂ ಒಳ್ಳೆಯ ಆಸ್ತಿ ಆಗುತ್ತದೆ. ಆದರೆ ಅಲ್ಲಿವರೆಗೆ ನೀನು ತಡೆದುಕೊಳ್ಳಬೇಕು, ಅಲ್ವಾ? ಉಳಿತಾಯ ಪೂರ್ತಿ ಸುರಿದರೆ ಆ ಶಕ್ತಿಯೇ ಇರುವುದಿಲ್ಲ. ಕಡಿಮೆ ಅಂದರೂ ಒಂದು ವರ್ಷದ ಕಂತು ಪಕ್ಕಕ್ಕೆ ಇಡು. ಅಷ್ಟು ಇಡಲು ಆಗದಿದ್ದರೆ ಚಿಕ್ಕ ಫ್ಲಾಟ್ ನೋಡು, ಇಲ್ಲವೇ ಎರಡು ವರ್ಷ ಕಾಯಿ.

ಅಡ್ವಾನ್ಸ್ ಮಾತ್ರ ಈಗಲೇ ಕೊಡಬೇಡ. ಆ ಕಟ್ಟಡದಲ್ಲಿ ಎಷ್ಟು ಫ್ಲಾಟ್ ಖಾಲಿ ಇದೆ, ನಿಜವಾಗಿ ಬಾಡಿಗೆ ಎಷ್ಟು ಬರುತ್ತದೆ ಅಂತ ಅಲ್ಲೇ ಇರುವ ಬಾಡಿಗೆದಾರರನ್ನು ಕೇಳು, ಮಾರುವವರನ್ನಲ್ಲ. ಬಡ್ಡಿ ಫಿಕ್ಸೆಡ್ಡೋ (ದರ ಬದಲಾಗದ್ದು), ಫ್ಲೋಟಿಂಗೋ (ಆಗಾಗ ಏರಿ ಇಳಿಯುವಂಥದ್ದು) ನೋಡು. ಎರಡನ್ನೂ ನನಗೆ ಕಳಿಸು, ಭಾನುವಾರ ಕೂತು ನಿನ್ನ ನಿಜವಾದ ಅಂಕಿಗಳನ್ನೇ ಹಾಕಿ ನೋಡೋಣ.