ಸರಸ್ ವಿಮಾನಕ್ಕೆ ಫ್ಯಾನು ಹಿಂದೆ ಯಾಕೆ?

ಮಲ್ಲೇಶ್ವರದ ಅಮ್ಮ:
2019ರ ಏರೋ ಇಂಡಿಯಾದಲ್ಲಿ, ಯಲಹಂಕದಲ್ಲಿ ತೆಗೆದ ಫೋಟೋ ಮೊನ್ನೆ ಸಿಕ್ಕಿತು. ಅದರಲ್ಲಿ ಎನ್‌ಎಎಲ್‌ (ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ) ಮಾಡಿದ ಸಣ್ಣ ವಿಮಾನ ಸರಸ್ ಇದೆ. ಮಗ ನೋಡಿ, "ಅಮ್ಮಾ, ಫ್ಯಾನು ಉಲ್ಟಾ ಹಾಕಿಬಿಟ್ಟಿದ್ದಾರೆ ಅಲ್ವಾ?" ಅಂದ. ಯಾಕೆ ಹಾಗೆ? ಇದು ಸೇನೆಗೋ, ನಮ್ಮಂಥವರಿಗೋ? ಇನ್ನೂ ಯಾಕೆ ಬಂದಿಲ್ಲ?

ಗಾಳಿಪಟ77:
ಉಲ್ಟಾ ಅಲ್ಲ, ಬೇಕೂಂತಲೇ ಹಾಗೆ ಮಾಡಿದ್ದು. ಎರಡೂ ಎಂಜಿನ್ ಬಾಲದ ಹತ್ತಿರ ಇವೆ, ಪ್ರೊಪೆಲರ್ ಹಿಂದಿನಿಂದ ತಳ್ಳುತ್ತದೆ. ಸದ್ದು ಸೀಟುಗಳ ಹಿಂದೆ ಉಳಿಯುತ್ತದೆ. ಇಬ್ಬರಿಗೂ ಅಂತಲೇ ಯೋಚಿಸಿದ್ದು: ಸೀಟು ತೆಗೆದರೆ ಸ್ಟ್ರೆಚರ್ ಅಥವಾ ಸಾಮಾನು. ಕಾನ್ಪುರದಲ್ಲಿ ಎಚ್‌ಎಎಲ್ ಕಟ್ಟುವ ಸಣ್ಣ ವಿಮಾನ ಡಾರ್ನಿಯರ್ 228 ನೋಡಿ, ಅದೂ ಇಬ್ಬರಿಗೂ. ಕರಾವಳಿ ಕಾವಲು ಪಡೆಯಲ್ಲೂ ಇದೆ, 2022ರಿಂದ ಅಸ್ಸಾಂನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಟಿಕೆಟ್ ತಗೊಂಡು ಹೋಗುವವರನ್ನೂ ಹೊತ್ತಿದೆ.

ಪೀಣ್ಯದ ಹಳಬ:
ಅಮ್ಮಾ, ಯಾಕೆ ಇಷ್ಟು ತಡ ಅಂದರೆ ನಾನು ಮೊದಲು ಹೇಳುವುದು ತೂಕ.

26 ವರ್ಷ ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ಮುಂದೆ ನಿಂತವನು ನಾನು. ಸರಸ್ ಕೆಲಸ ಮಾಡಿಲ್ಲ, ಆದರೆ ವಿಮಾನದ ಬ್ರಾಕೆಟ್‌ಗಳು ನಮ್ಮ ಶೆಡ್ಡಿಗೆ ಬರುತ್ತಿದ್ದವು. ನಾಲ್ಕು ಕೆಜಿ ಅಲ್ಯೂಮಿನಿಯಂ ಗಟ್ಟಿ ಕೊಡುತ್ತಿದ್ದರು, ಕೊನೆಗೆ ಕೈಯಲ್ಲಿ ಉಳಿಯುತ್ತಿದ್ದದ್ದು ಅರ್ಧ ಕೆಜಿ. ಮಿಕ್ಕಿದ್ದೆಲ್ಲ ಚಿಪ್ಸ್ ಆಗಿ ನೆಲಕ್ಕೆ. ಒಮ್ಮೆ ಒಂದು ಪಾಕೆಟ್, ಅಂದರೆ ಕೊರೆಯುವ ಗುಂಡಿ, ಪೂರ್ತಿ ಆಳಕ್ಕೆ ಹೊಡೆಯಲಿಲ್ಲ, 30 ಗ್ರಾಂ ಜಾಸ್ತಿ ಉಳಿಯಿತು. ಪೀಸು ವಾಪಸ್! "30 ಗ್ರಾಂ ತಾನೇ ಸಾರ್" ಅಂದೆ. "ಇಂಥವು ಸಾವಿರ ಇವೆ ಕಣಯ್ಯಾ" ಅಂದರು. ಆ ಸಂಜೆ ಟೀನೂ ರುಚಿಸಲಿಲ್ಲ.

ಸರಸ್ ಮೊದಲ ಸಲ ಹಾರಿದ್ದು 2004ರ ಮೇ 29, ಎಚ್‌ಎಎಲ್ ಏರ್‌ಪೋರ್ಟಿನಿಂದ. ಖಾಲಿ ವಿಮಾನ ನಾಲ್ಕು ಟನ್ನಿನ ಆಸುಪಾಸು ಇರಬೇಕಿತ್ತು, ಐದು ದಾಟಿತ್ತು. ತೂಕ ಜಾಸ್ತಿ ಆದರೆ ದೊಡ್ಡ ಎಂಜಿನ್ ಬೇಕು. 2007ರ ಎರಡನೇ ವಿಮಾನಕ್ಕೆ 850 ಅಶ್ವಶಕ್ತಿಯ ಬದಲು 1,200ರದ್ದು ಹಾಕಿದರು.

ಆಮೇಲೆ 2009ರ ಮಾರ್ಚ್ 6. ಬಿಡದಿ ಹತ್ತಿರ ಅದೇ ವಿಮಾನ ಬಿತ್ತು. ಆಕಾಶದಲ್ಲೇ ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವ ಪರೀಕ್ಷೆ ಅದು. ಆ ವಿಧಾನವೇ ತಪ್ಪಾಗಿತ್ತು ಅಂತ ತನಿಖೆ ಹೇಳಿತು. ವಾಯುಪಡೆಯ ಮೂವರು ಹೋದರು. ಅದರ ಮೇಲೆ ಹೆಚ್ಚು ಬರೆಯಲು ಮನಸ್ಸು ಬರುವುದಿಲ್ಲ.

ಯೋಜನೆ ನಿಂತೇ ಹೋಗಿತ್ತು. ಮೊದಲ ವಿಮಾನವನ್ನೇ ತಿದ್ದಿ 2018ರ ಜನವರಿ 24ರಂದು ಮತ್ತೆ ಹಾರಿಸಿದರು. ಅದು 14 ಸೀಟಿನದು. ಮುಂದೆ ಕಟ್ಟಬೇಕೆಂದಿರುವ ಮಾರ್ಕ್-2ಗೆ 19.

ಗಾಳಿಪಟ77:
ಹಳಬರೇ, ಕಾಗದವನ್ನೂ ಸೇರಿಸಿ. ವಿಮಾನ ಹಾರಲು ಯೋಗ್ಯ ಅಂತ ಸೇನೆಯದಕ್ಕೆ ಸೆಮಿಲಾಕ್ ಅನ್ನೋ ಸಂಸ್ಥೆ ಒಪ್ಪಬೇಕು, ಜನರದಕ್ಕೆ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ. ಎರಡು ಬಾಗಿಲು ತಟ್ಟಬೇಕು.

ಮಲ್ಲೇಶ್ವರದ ಅಮ್ಮ:
30 ಗ್ರಾಂ ಕಥೆ ಮಗನಿಗೆ ಓದಿ ಹೇಳಿದೆ. ಅಡುಗೆಮನೆ ತಕ್ಕಡಿಯಲ್ಲಿ ಅವನ ಆಟಿಕೆ ವಿಮಾನ ತೂಗುತ್ತಾ ಕೂತಿದ್ದಾನೆ. ಅವನದು ಇನ್ನೊಂದು ಪ್ರಶ್ನೆ: ಸದ್ದು ಕೇಳಬಾರದು ಅಂದರೆ ಸರಸ್‌ನಲ್ಲಿ ಎಲ್ಲಿ ಕೂರಬೇಕು?

ಪೀಣ್ಯದ ಹಳಬ:
ಪೈಲಟ್ ಬೆನ್ನ ಹಿಂದಿನ ಸೀಟು. ಕಿಟಕಿ ಪಕ್ಕದ್ದೇ ಹಿಡಿಯಲಿ.